ವಗೈರೆ ಬರೆಯದ ಸಾಹೇಬರು

ಅವರಿಗೆ 'ವಗೈರೆ' ಎಂಬ ಪದ ಕಂಡರೆ ಆಗುತ್ತಿರಲಿಲ್ಲ. ನಾನು ಟೈಪ್ ಮಾಡಿಕೊಟ್ಟ ಕಾಗದದಲ್ಲಿ ಎಲ್ಲಾದರೂ ಅದು ನುಸುಳಿದ್ದರೆ ಪೆನ್ಸಿಲಿನ ಕೆಂಪು ತುದಿಯಿಂದ ಅದರ ಸುತ್ತ ಒಂದು ಗುಂಡು ಹಾಕಿ, ಕಾಗದವನ್ನು ಮೆಲ್ಲಗೆ ನನ್ನ ಮೇಜಿಗೆ ಸರಿಸುತ್ತಿದ್ದರು. "ಇದರೊಳಗೆ ಯಾರ್ಯಾರು ಕುಂತಾರೆ, ಒಬ್ಬೊಬ್ಬರನ್ನೇ ಹೊರಗೆ ಕರಿಯಮ್ಮ" ಅನ್ನುತ್ತಿದ್ದರು. 'ಹಾಜರಿ, ರಜೆ ವಗೈರೆ' ಎಂದು ಬರೆದ ಒಂದು ಸಾಲಿನಿಂದ ಒಮ್ಮೆ ಏಳು ಬಾಬುಗಳು ಹೊರಬಂದವು. ನನಗೆ ಮೈಯೆಲ್ಲ ಉರಿದುಹೋಗಿತ್ತು. ನಾನು ಅವಸರದ ಹೆಂಗಸು, ಅವರು ನಿಧಾನದ ಗಂಡಸು. ಒಂದೇ ಕೋಣೆಯಲ್ಲಿ ನಾವು ಅಷ್ಟು ವರ್ಷ ಹೇಗೆ ಕಳೆದೆವೋ ಈಗ ಯೋಚಿಸಿದರೆ ಸೋಜಿಗ ಅನ್ನಿಸುತ್ತದೆ.

ದಾವಣಗೆರೆಯ ಒಂದು ಹತ್ತಿ ಗಿರಣಿಯ ಟೈಮ್ ಆಫೀಸಿಗೆ ಅವರು ಮುಖ್ಯಸ್ಥರು, ನಾನು ಟೈಪಿಸ್ಟ್. ಎಂಬತ್ತರ ದಶಕದ ನಡುವಿನ ಮಾತು. ಗೇಟಿನ ಪಕ್ಕದ ಆ ಕೋಣೆಯಲ್ಲಿ ಕಾರ್ಮಿಕರು ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ತಮ್ಮ ಕಾರ್ಡನ್ನು ಗಡಿಯಾರದ ಯಂತ್ರಕ್ಕೆ ತೂರಿಸಿ ವೇಳೆ ಒತ್ತಿಸಿಕೊಳ್ಳುತ್ತಿದ್ದರು. ಯಾರು ಬಂದರು, ಯಾವ ಪಾಳಿಗೆ ಬಂದರು ಎಂಬುದನ್ನು ಆ ಕಾರ್ಡು ನೋಡಿ ರಿಜಿಸ್ಟರಿಗೆ ಏರಿಸುವುದು ನಮ್ಮ ಕೆಲಸ. ನಾನು ಹರಿಹರದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಅದೇ ಗಿರಣಿಯ ನೂಲಿನ ಖಾತೆಯಲ್ಲಿ ನಮ್ಮಣ್ಣ ಬದಲಿ ಕಾರ್ಮಿಕ. ಕಾಯಂ ಆದವರು ಯಾರಾದರೂ ಗೈರುಹಾಜರಾದರೆ ಅವರ ಜಾಗಕ್ಕೆ ಅಂದಿನ ಮಟ್ಟಿಗೆ ನಿಲ್ಲುವವನು ಬದಲಿ. ಹೆಚ್ಚಾಗಿ ಯಾರಿಗೂ ಬೇಡವಾದ ರಾತ್ರಿ ಪಾಳಿಯೇ ಅವನ ಪಾಲಿಗೆ ಬರುತ್ತಿತ್ತು.

ಗಿರಣಿಯವರೆಲ್ಲ ಅವರನ್ನು ಸಾಹೇಬ್ರು ಅನ್ನುತ್ತಿದ್ದರು. ತೆಳ್ಳಗಿನ ಆಳು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲು. ಕೈಗಡಿಯಾರವನ್ನು ಎಲ್ಲರಂತೆ ರೇಡಿಯೋ ವಾರ್ತೆಗೆ ಹೊಂದಿಸದೆ ಗಿರಣಿಯ ಸೈರನ್ನಿಗೆ ಹೊಂದಿಸಿಕೊಂಡಿದ್ದರು. ಸಂಜೆ ಗೇಟಿನೆದುರಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ಹೋದರೆ ಅಂಗಡಿಯವನಿಗೆ ಹೇಳುತ್ತಿದ್ದ ವರದಿಯೇ ಬೇರೆ: "ಎರಡು ಮಿರ್ಚಿ, ಒಂದು ಸೀಳಿದ್ದು, ಒಂದು ಇಡೀದು. ಈರುಳ್ಳಿ ಮಂಡಕ್ಕಿಗೆ ಮಾತ್ರ. ನಿಂಬೆಹಣ್ಣು ನಾ ಹೇಳಿದಮ್ಯಾಲೆ." ಅಂಗಡಿಯವನು "ಸಾಹೇಬ್ರೆ, ಟೈಪ್ ಮಾಡಿಸ್ಕೊಂಡು ಬರ್ರಿ" ಎಂದು ಕಿಚಾಯಿಸುತ್ತಿದ್ದ. ಮಗಳ ಮದುವೆಯಲ್ಲಿ ಅಡುಗೆಯ ಬಾವರ್ಚಿಗೂ ಅವರು ಚೀಟಿ ಬರೆದುಕೊಟ್ಟಿದ್ದರಂತೆ. ಬಿರಿಯಾನಿ ಎಷ್ಟು ಜನಕ್ಕೆ ಎಂಬುದು ಎಲ್ಲರೂ ಬರೆಯುವಂಥದ್ದೇ. ಇವರ ಚೀಟಿಯಲ್ಲಿ ಉಂಡಾದ ಮೇಲೆ ಡೇಗುಗಳನ್ನು ಯಾರು ತೊಳೆಯಬೇಕು ಎಂಬುದೂ ಇತ್ತು. ಬಾವರ್ಚಿ ನಕ್ಕನಂತೆ. ಆದರೆ ಆ ಮದುವೆಯಲ್ಲಿ ಡೇಗಿನ ಸಲುವಾಗಿ ಜಗಳ ಆಗಲಿಲ್ಲ.

ಈ ಸ್ವಭಾವ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. "ನಮ್ಮ ಅಬ್ಬಾನ ಭಟ್ಟಿಯಿಂದ" ಎಂದರು. ಅವರ ತಂದೆಯದು ಚಿಕ್ಕದೊಂದು ಮಂಡಕ್ಕಿ ಭಟ್ಟಿ. ವ್ಯಾಪಾರಿಗಳು ಭತ್ತ ತಂದುಕೊಡುವುದು, ಇವರು ಕೂಲಿಗೆ ಮಂಡಕ್ಕಿ ಮಾಡಿಕೊಡುವುದು. ಭತ್ತದ ಹೊಟ್ಟನ್ನು ಭಟ್ಟಿಗೆ ಉರುವಲಾಗಿ ಹಾಕುವುದು ಮೊದಲಿನಿಂದ ನಡೆದುಬಂದ ರೂಢಿ. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ವರ್ಷ ಹೊಸ ವ್ಯಾಪಾರಿಯೊಬ್ಬ ಮಂಡಕ್ಕಿಯ ಜೊತೆ ಹೊಟ್ಟನ್ನೂ ಗಾಡಿಗೆ ಹೇರಿಸಿದ. "ಭತ್ತ ನಂದು ಅಂದ್ಮ್ಯಾಲೆ ಹೊಟ್ಟೂ ನಂದೇ" ಅಂದನಂತೆ. ಎಂಟು ದಿನ ಭಟ್ಟಿ ತಣ್ಣಗೆ ಬಿದ್ದಿತ್ತು. ಅಂದಿನಿಂದ ಅವರ ಅಬ್ಬಾ ಚೀಲ ಇಳಿಸಿಕೊಳ್ಳುವ ಮೊದಲೇ "ಹೊಟ್ಟು ಯಾರದು?" ಎಂದು ಕೇಳಿ, ಪಕ್ಕದ ಭಟ್ಟಿಯವನ ಎದುರು ವ್ಯಾಪಾರಿಯ ಬಾಯಿಂದಲೇ ಉತ್ತರ ಹೇಳಿಸುತ್ತಿದ್ದರು. ಮಗ ಆ ಪ್ರಶ್ನೆಯನ್ನು ಟೈಮ್ ಆಫೀಸಿಗೆ ತಂದರು. ಗೋಡೆಗೆ ಸುಣ್ಣ ಬಳಿಯಲು ಬಂದವನಿಂದ ಹಿಡಿದು ಗಡಿಯಾರ ರಿಪೇರಿಯವನವರೆಗೆ ಎಲ್ಲರಿಗೂ ಆ ಪ್ರಶ್ನೆ ತಪ್ಪಿದ್ದಲ್ಲ. "ಮಾತು ಎಲ್ಲಾ ಆತಲ್ಲಪ್ಪ, ಈಗ ಹೊಟ್ಟು ಯಾರದು ಹೇಳು."

ಅಂಥವರ ಕೈಗೆ ಒಂದು ದಿನ ಕಂಪ್ಯೂಟರಿನ ಕೆಲಸ ಬಂತು. ಗಿರಣಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಜರಿ ಕಾರ್ಡುಗಳನ್ನು ಬೆಂಗಳೂರಿನ ಒಂದು ಕಂಪನಿಗೆ ಕಳಿಸುವುದು, ಅವರು ತಮ್ಮ ಯಂತ್ರದಲ್ಲಿ ಲೆಕ್ಕ ಹಾಕಿ ಪಟ್ಟಿ ಅಚ್ಚುಮಾಡಿ ಕೊಡುವುದು ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಕಂಪನಿಯಿಂದ ಬಂದ ಕಾಗದ ಒಂದೂವರೆ ಪುಟ. ಅದರ ಎರಡನೇ ಸಾಲಿನಲ್ಲೇ 'ಹಾಜರಿ ವಗೈರೆ ಕೆಲಸಗಳು' ಎಂದಿತ್ತು. ಸಾಹೇಬರು ಕೆಂಪು ಗುಂಡು ಹಾಕಿ ಮ್ಯಾನೇಜರ ಕೋಣೆಗೆ ಒಯ್ದರು. ನಾನೂ ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ಹಿಂದೆಯೇ ಹೋದೆ.

"ಸಹಿ ಮಾಡೋದೊಂದೇ ಬಾಕಿ ಐತೆ, ಇನ್ನೇನ್ರಿ ನಿಮ್ದು?" ಎಂದರು ಮ್ಯಾನೇಜರು.

"ಹದಿನೈದು ದಿನ ಕೊಡ್ರಿ ಸಾರ್. ಅವರು ಏನು ಮಾಡ್ಬೇಕು, ನಾವು ಏನು ಕೊಡ್ಬೇಕು, ಯಾವತ್ತಿಗೆ, ಹೆಂಗಿದ್ರೆ ಸರಿ, ಹೆಂಗಿದ್ರೆ ತಪ್ಪು, ಎಲ್ಲಾ ಬರೀತೀನಿ."

ಹದಿನೈದು ದಿನದಲ್ಲಿ ಹನ್ನೊಂದು ಪುಟಗಳಾದವು. ಅವರು ಖಾತೆಯಿಂದ ಖಾತೆಗೆ ಅಲೆದು, ಆಳುಗಳಿಗೆ ಕೆಲಸ ಹಂಚುವ ಜಾಬರುಗಳನ್ನು, ಗೇಟಿನ ವಾಚ್‌ಮನ್ನನ್ನು, ಕೂಸುಗಳ ಕೋಣೆಯ ಆಯಾಳನ್ನು ಮಾತಾಡಿಸಿ ಬರೆದುಕೊಂಡು ಬರುತ್ತಿದ್ದರು. ನಾನು ಬೈದುಕೊಳ್ಳುತ್ತ ಟೈಪ್ ಮಾಡುತ್ತಿದ್ದೆ. ಅದರಲ್ಲಿ ಒಂದು ಇಡೀ ಪುಟ 'ಕಂಪನಿ ಮಾಡದ ಕೆಲಸಗಳು'. ಮ್ಯಾನೇಜರು ನಕ್ಕರು. "ಮಾಡದ ಕೆಲಸಕ್ಕೂ ಒಂದು ಪೇಜ್ ಯಾಕ್ರಿ?" "ಜಗಳ ಆಗೋದು ಆ ಪೇಜಿನಾಗೇ ಸಾರ್" ಎಂದರು ಇವರು. ಕೊನೆಯ ಪುಟದ ಕೊನೆಯ ಕಲಮಿಗೆ ನಾವಿಬ್ಬರೂ ಹೊಟ್ಟಿನ ಕಲಂ ಎಂದು ಹೆಸರಿಟ್ಟಿದ್ದೆವು. ಏನಾದರೂ ಬರೆಯದೆ ಉಳಿದದ್ದು ಮುಂದೆ ಕಂಡುಬಂದರೆ, ಮರೆತವರು ಮರೆತೆವೆಂದು ಬರೆದುಕೊಡತಕ್ಕದ್ದು. ಹಾಗೆ ಬರೆದುಕೊಟ್ಟರೆ ಇನ್ನೊಬ್ಬರು ಒಂದು ಸಲ ತಕರಾರಿಲ್ಲದೆ ಕೆಲಸ ತಿದ್ದಿಕೊಡತಕ್ಕದ್ದು. ಮರೆಯುವವರು ಕಂಪನಿಯವರೇ ಎಂದು ನಾನು ಖಾತ್ರಿಯಾಗಿ ನಂಬಿದ್ದೆ.

ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದರು, ಕನ್ನಡಕದ ಸಭ್ಯ ಮನುಷ್ಯ. ಹನ್ನೊಂದು ಪುಟ ನೋಡಿ ಹುಬ್ಬೇರಿಸಿ, "ಸಾರ್, ಇದನ್ನ ಸ್ಟೇಟ್‌ಮೆಂಟ್ ಆಫ್ ವರ್ಕ್ ಅಂತಾರೆ. ಹೊರದೇಶದ ಕಂಪನಿಗಳು ಕೇಳ್ತವೆ. ಇಲ್ಲಿ ಯಾರೂ ಕೇಳಿರ್ಲಿಲ್ಲ" ಎಂದರು. ಸಾಹೇಬರು ಅವರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಒಂದೊಂದು ಪುಟವನ್ನೂ ಅವರ ಬಾಯಿಂದಲೇ ತಿರುಗಿ ಹೇಳಿಸಿದರು. ಅಬ್ಬಾನ ಭಟ್ಟಿಯ ಪದ್ಧತಿ. ಮೊದಲ ಕೆಲಸವಾಗಿ ಆ ವರ್ಷದ ಅಷ್ಟೂ ಕಾರ್ಡುಗಳು ಬೆಂಗಳೂರಿಗೆ ಹೋದವು.

ಆ ಪಟ್ಟಿಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಕಾದು ಕೂತಿದ್ದೆವು. ವರ್ಷದಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದ ಬದಲಿಯವನ ಹೆಸರು ಕಾಯಂ ಪಟ್ಟಿಗೆ ಹೋಗುತ್ತಿತ್ತು. ಅಣ್ಣ ಆರು ವರ್ಷದಿಂದ ಬದಲಿ. ಪ್ರತಿ ವರ್ಷ ಇನ್ನೂರರ ಆಚೀಚೆ ನಿಂತುಬಿಡುತ್ತಿದ್ದ. ಗೊತ್ತಾಗಿದ್ದ ಹೆಣ್ಣಿನ ಕಡೆಯವರೂ ಕಾಯಂ ಆಗಲಿ ಎಂದು ಎರಡು ವರ್ಷದಿಂದ ಕಾದಿದ್ದರು. ಈ ಸಲ ನಮ್ಮ ರಿಜಿಸ್ಟರಿನಲ್ಲಿ ಅವನದು ಇನ್ನೂರ ನಲವತ್ಮೂರು. ರಿಜಿಸ್ಟರನ್ನು ಯಾರು ಬೇಕಾದರೂ ತಿದ್ದಬಹುದು, ಈ ವರ್ಷ ಕಂಪ್ಯೂಟರ್ ಪಟ್ಟಿಯ ಪ್ರಕಾರವೇ ಕಾಯಂ ಎಂದು ಮ್ಯಾನೇಜರು ನೋಟೀಸ್ ಹಚ್ಚಿದ್ದರು.

ಪಟ್ಟಿ ಬಂತು. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ, ಮಡಿಕೆ ಬಿಚ್ಚಿದಷ್ಟೂ ಬಿಚ್ಚುತ್ತಿತ್ತು. ಅಣ್ಣನ ಹೆಸರಿನ ಮುಂದೆ ನೂರ ಎಂಬತ್ತೆಂಟು ಎಂದಿತ್ತು.

ಸಾಹೇಬರು ರಿಜಿಸ್ಟರನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ನಮ್ಮ ಗಿರಣಿಯಲ್ಲಿ ಮೂರು ಪಾಳಿ: ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹನ್ನೊಂದಕ್ಕೆ. ಸೋಮವಾರ ರಾತ್ರಿ ಹನ್ನೊಂದಕ್ಕೆ ಒಳಹೋದವನು ಮಂಗಳವಾರ ಬೆಳಗ್ಗೆ ಏಳಕ್ಕೆ ಹೊರಬಂದರೂ ಆ ಪಾಳಿ ಸೋಮವಾರದ್ದೇ. ಏಳರ ಸೈರನ್ ಕೂಗಿದ ಮೇಲೆಯೇ ಗಿರಣಿಗೆ ಹೊಸ ದಿನ. ಬೆಂಗಳೂರಿನ ಯಂತ್ರಕ್ಕೆ ಇದು ಹೇಗೆ ತಿಳಿಯಬೇಕು? ಅದು ನಡುರಾತ್ರಿಗೇ ತಾರೀಕು ಬದಲಿಸಿತ್ತು. ಒಂದೇ ರಾತ್ರಿಗೆ ಬಂದ ಬದಲಿಯವನು ಒಳಗೆ ಬಂದದ್ದು ಒಂದು ತಾರೀಕು, ಹೊರಗೆ ಹೋದದ್ದು ಇನ್ನೊಂದು. ಒಂದು ದಿನ ಬಂದವನು ಹೋಗಿಲ್ಲ, ಇನ್ನೊಂದು ದಿನ ಹೋದವನು ಬಂದೇ ಇಲ್ಲ ಎಂದು ಎರಡೂ ದಿನ ಗೈರುಹಾಜರಿ ಹಾಕಿತ್ತು. ಸಾಲಾಗಿ ಹಲವು ರಾತ್ರಿ ಬಂದಿದ್ದರೆ ಮಾತ್ರ ನಡುವಿನ ತಾರೀಕುಗಳಿಗೆ ಬಂದದ್ದೂ ಹೋದದ್ದೂ ಎರಡೂ ಸಿಕ್ಕಿ ಆ ದಿನಗಳು ಉಳಿದಿದ್ದವು. ಹನ್ನೊಂದು ಪುಟದಲ್ಲಿ ಎಲ್ಲವೂ ಇತ್ತು, ಇದೊಂದು ಇರಲಿಲ್ಲ. ಅಷ್ಟು ಜನರನ್ನು ಕೇಳಿದ್ದರೂ ಒಬ್ಬರೂ ಹೇಳಿರಲಿಲ್ಲ.

"ಅದನ್ನೂ ಬರೀಬೇಕಾ? ಹಾಲು ಕುಡಿಯೋ ಕೂಸಿಗೂ ಗೊತ್ತು!" ಎಂದು ಮ್ಯಾನೇಜರು ಕೂಗಾಡಿದರು. ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ತಣ್ಣಗೆ, "ಸಾರ್, ಪೇಪರ್‌ನಲ್ಲಿ ಇಲ್ಲ" ಎಂದರು. ಮ್ಯಾನೇಜರು ನಮ್ಮ ಕಡೆ ತಿರುಗಿದರು. "ನಿಮ್ಮ ರಿಜಿಸ್ಟರ್ ಪ್ರಕಾರ ಹೋಗೋಣ ಅಂದ್ರೆ, ಅವನು ನಿಮ್ಮ ಆಫೀಸಿನ ಹುಡುಗಿಯ ಅಣ್ಣ. ನೀವೇ ತಿದ್ದೀರಿ ಅಂತ ಯೂನಿಯನ್‌ನೋರು ಅಂದ್ರೆ ನಾನೇನು ಹೇಳ್ಲಿ?" ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನ ನಾನು ಮಾಡಿದ ಕೆಲಸವನ್ನು ಈಗ ಹೇಳಿಬಿಡುತ್ತೇನೆ. ಬೇಗ ಬಂದು, ಅದೇ ಟೈಪ್‌ರೈಟರಿನಲ್ಲಿ, ಅದೇ ಕಾಗದದ ಮೇಲೆ ಮೂರನೇ ಪುಟವನ್ನು ಹೊಸದಾಗಿ ಟೈಪ್ ಮಾಡಿದೆ. ಒಂದು ಸಾಲು ಹೆಚ್ಚಿಗೆ: 'ಈ ಗಿರಣಿಯಲ್ಲಿ ದಿನವು ಬೆಳಗ್ಗೆ ಏಳರ ಸೈರನ್ನಿಗೆ ಆರಂಭವಾಗತಕ್ಕದ್ದು.' ಸಹಿ ಇದ್ದದ್ದು ಕೊನೆಯ ಪುಟದಲ್ಲಿ ಮಾತ್ರ. ಒಂದು ಹಾಳೆ ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು. ಕಂಪನಿಯವರು ತಮ್ಮ ಪ್ರತಿಯಲ್ಲೇ ಬಿಟ್ಟುಹೋಗಿದೆ ಅಂದುಕೊಳ್ಳಲಿ. ಅದನ್ನು ಸಾಹೇಬರ ಮುಂದಿಟ್ಟೆ.

ಅವರು ಓದಿದರು. ಕೆಂಪು ಗುಂಡು ಹಾಕಲಿಲ್ಲ.

"ಚೊಲೋ ಬರದೀಯಮ್ಮ. ಒಂದು ಅಕ್ಷರ ತಪ್ಪಿಲ್ಲ. ನಾ ಹದಿನೈದು ದಿನ ತಿರುಗಿ ಬರೀಲಾರದ್ದನ್ನ ನೀನು ಒಂದೇ ಸಾಲಿನಾಗೆ ಬರದೀಯ" ಎಂದರು. ಆಮೇಲೆ, "ಆದ್ರೆ ಇದು ಇವತ್ತು ಬರೆದಿದ್ದು. ಅವತ್ತು ಬರೆದಿದ್ವಿ ಅಂತ ಹೆಂಗೆ ಹೇಳೋದು?"

"ನಮ್ಮಣ್ಣನ ಬಾಳು ಐತೆ ಸಾರ್ ಇದರಾಗೆ" ಎಂದೆ. ಅಳು ಬಂತು.

"ಅದಕ್ಕೇ ಹೇಳೋದು. ಈ ಹಾಳೆ ಸಿಕ್ಕಿಬಿದ್ರೆ ರಿಜಿಸ್ಟರೂ ಸುಳ್ಳಾಗ್ತೈತೆ, ನಿಮ್ಮಣ್ಣನೂ ಸುಳ್ಳಾಗ್ತಾನೆ. ಇದನ್ನ ಹರೀಬ್ಯಾಡ. ಹೊಸಾ ಪೇಪರಿಗೆ ಇದೇ ಮೊದಲ್ನೇ ಸಾಲು." ಹಾಳೆಯನ್ನು ಮಡಚದೆ ಡ್ರಾಯರಿನಲ್ಲಿ ಇಟ್ಟುಕೊಂಡು, ಒಂದು ಬಿಳಿ ಕಾಗದ ತೆಗೆದರು. ಟೈಪಿಗೆ ಕೊಡದೆ ಸ್ವಂತ ಕೈಯಲ್ಲಿ ಬರೆದರು. ಗಿರಣಿಯ ದಿನ ಯಾವಾಗ ಆರಂಭವಾಗುತ್ತದೆ ಎಂಬುದನ್ನು ತಿಳಿಸಲು ತಾನು ಮರೆತೆನೆಂದೂ, ತಪ್ಪು ಕಂಪನಿಯದಲ್ಲವೆಂದೂ, ರಿಜಿಸ್ಟರಿನದೂ ಅಲ್ಲವೆಂದೂ, ಕಲಮಿನಂತೆ ಒಂದು ಸಲ ತಿದ್ದಿಕೊಡಬೇಕೆಂದೂ, ಅಲ್ಲಿಯವರೆಗೆ ಕಾಯಂ ಪಟ್ಟಿಯನ್ನು ತಡೆಹಿಡಿಯಬೇಕೆಂದೂ ಬರೆದು ಸಹಿ ಹಾಕಿದರು. ಸಹಿ ಹಾಕುವಾಗ ಅವರ ಮುಖ ಸಣ್ಣದಾಗಿತ್ತು. ಊರೆಲ್ಲ ಹೊಟ್ಟು ಯಾರದೆಂದು ಕೇಳಿ ಬಂದವರು ಅವರು. ನನ್ನ ಕಳ್ಳ ಹಾಳೆಯ ಬಗ್ಗೆ ಅಂದೂ ಮುಂದೂ ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ.

ಮ್ಯಾನೇಜರು ಅವರಿಗೆ ಒಂದು ಮೆಮೊ ಕೊಟ್ಟರು. ಇಷ್ಟು ವರ್ಷದ ನೌಕರಿಯಲ್ಲಿ ಅದೇ ಮೊದಲನೆಯದು. ಅದಕ್ಕೆ ನಂಬರು ಹಾಕಿ ತಮ್ಮ ಫೈಲಿಗೆ ತಾವೇ ಸೇರಿಸಿದರು.

ಆ ಭಾನುವಾರ ಅವರು ಹರಿಹರಕ್ಕೆ ಬಂದರು, ಹೊಳೆಯ ಕಡೆಯ ಓಣಿಯಲ್ಲಿದ್ದ ನಮ್ಮ ಮನೆಗೆ. ಯಾಕೆಂದು ತಿಳಿಯದೆ ನಾವೆಲ್ಲ ಗಾಬರಿಯಾದೆವು. ಅಣ್ಣ ಕೆಲಸಕ್ಕೆ ಹೋದ ದಿನವೆಲ್ಲ ಅಮ್ಮ ಬಾಗಿಲ ಹಿಂದೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಾಳೆಂದು ನಾನು ಎಂದೋ ಹೇಳಿದ್ದೆನಂತೆ. ಅದನ್ನು ನೋಡಲು ಬಂದಿದ್ದರು. ಬಾಗಿಲು ಮುಚ್ಚಿ, ಅದರ ಮುಂದೆ ಮಣೆ ಹಾಕಿಸಿಕೊಂಡು ಆ ವರ್ಷದ ಗೀಟುಗಳನ್ನು ಎಣಿಸಿದರು. ಇನ್ನೂರ ನಲವತ್ನಾಲ್ಕು.

"ಒಂದು ಜಾಸ್ತಿ ಐತಲ್ಲ ತಾಯಿ. ರಿಜಿಸ್ಟರಿನಾಗೆ ನಲವತ್ಮೂರು."

ಅಮ್ಮ ಸೆರಗು ಸರಿಮಾಡಿಕೊಂಡು, "ಯುಗಾದಿ ಮಾರನೇ ದಿನ ಹೋಗಿದ್ನಪ್ಪ. ಜಾಗ ಖಾಲಿ ಇಲ್ಲ ಅಂತ ಗೇಟಿನಾಗಿಂದ ವಾಪಸ್ ಕಳಿಸಿದ್ರಂತೆ" ಎಂದಳು.

"ಹಂಗಾದ್ರೆ ಅದು ದಿನ ಅಲ್ಲಮ್ಮ."

"ನಿಮಗೆ ಅಲ್ಲ. ಬುತ್ತಿ ಕಟ್ಟಿದೋಳಿಗೆ ಅದೂ ದಿನಾನೇ."

ಸಾಹೇಬರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆಫೀಸಿನಲ್ಲಿ ಕಂಡಿರಲಿಲ್ಲ. ಆ ಒಂದು ಗೀಟು ಬಿಟ್ಟರೆ ರಿಜಿಸ್ಟರಿಗೂ ಬಾಗಿಲಿಗೂ ಸರಿಹೊಂದಿತ್ತು. ಅಮ್ಮ ಕೊಟ್ಟ ಅವಲಕ್ಕಿ ತಿಂದು, ಬಸ್ಸಿಗೆ ಹೊರಟಾಗ ಅಣ್ಣನ ಬೆನ್ನು ತಟ್ಟಿ, "ಯೋಚನೆ ಮಾಡಬ್ಯಾಡಪ್ಪ, ನಿನ್ನ ದಿನ ಎಲ್ಲೂ ಹೋಗಿಲ್ಲ" ಎಂದರು.

ಸೋಮವಾರದಿಂದ ಮತ್ತೆ ಖಾತೆಗಳನ್ನು ಸುತ್ತಲು ಹೊರಟರು. ಮೊದಲ ಸಲ ಪ್ರತಿಯೊಬ್ಬರನ್ನೂ "ನೀವು ಏನು ಮಾಡ್ತೀರಿ?" ಎಂದು ಕೇಳಿದ್ದರು. ಈ ಸಲ ಕೇಳಿದ್ದೇ ಬೇರೆ: "ಎಲ್ಲಾರಿಗೂ ಗೊತ್ತಿರೋದು ಏನೈತೆ, ಅದನ್ನ ಹೇಳ್ರಿ. ಗೊತ್ತಿಲ್ಲದ್ದು ನಾ ಹೆಂಗೂ ಕೇಳ್ತೀನಿ." ಜನ ಮೊದಲು ಪೆಚ್ಚಾಗಿ ನಿಂತರು, ಆಮೇಲೆ ನಗುತ್ತ ಹೇಳತೊಡಗಿದರು. ಕೂಸಿಗೆ ಹಾಲು ಕೊಡಲು ಹೋದ ಹೆಂಗಸು ಹೊರಗೆ ಹೋದ ಹಾಗಲ್ಲ ಎಂದು ಆಯಾ ಹೇಳಿದಳು. ಸೈರನ್ ಕೂಗಿ ಐದು ನಿಮಿಷದವರೆಗೆ ಬಂದರೆ ತಡವಲ್ಲ ಎಂದು ವಾಚ್‌ಮನ್ ಹೇಳಿದ. ಶುಕ್ರವಾರ ಜುಮಾ ನಮಾಜಿಗೆ ಹೋಗಿಬರುವುದು ಲೆಕ್ಕಕ್ಕಿಲ್ಲ ಎಂಬುದನ್ನು, ಮೂವತ್ತು ವರ್ಷ ಹೋಗಿಬಂದ ಸಾಹೇಬರೇ ಬರೆಯಲು ಮರೆತಿದ್ದರು; ಅದನ್ನು ನಾನು ನೆನಪಿಸಿದೆ. "ನೋಡು, ನನ್ನ ಹೊಟ್ಟು ನಂಗೇ ಕಾಣಲಿಲ್ಲ" ಎಂದರು.

ಹೊಸ ಪತ್ರ ಹದಿನಾಲ್ಕು ಪುಟವಾಯಿತು. ಡ್ರಾಯರಿನಿಂದ ನನ್ನ ಹಾಳೆ ತೆಗೆದು ಆ ಸಾಲನ್ನೇ ಮೊದಲನೆಯದಾಗಿ ಟೈಪ್ ಮಾಡಿಸಿದರು. ಎಂಜಿನಿಯರ್ ತಕರಾರು ಮಾಡಲಿಲ್ಲ. ಸಾಹೇಬರ ಕೈಬರಹದ ಕಾಗದವನ್ನು ಎರಡು ಸಲ ಓದಿ, "ಮರೆತದ್ದು ನಾವು ಅಂತ ಬರೆದುಕೊಟ್ಟ ಪಾರ್ಟಿ ನೀವೇ ಮೊದಲು ಸಾರ್" ಎಂದರು. ಮುಂದಿನ ತಿಂಗಳು ಹೊಸ ಪಟ್ಟಿ ಬಂತು. ಅಣ್ಣನ ಹೆಸರಿನ ಮುಂದೆ ಇನ್ನೂರ ನಲವತ್ಮೂರು. ಅವನೊಬ್ಬನದೇ ಅಲ್ಲ, ಒಂಬತ್ತು ಮಂದಿ ಬದಲಿಯವರ ದಿನಗಳು ತಿರುಗಿ ಬಂದಿದ್ದವು. ಯೂನಿಯನ್ನಿನವರು ಬಾಯಿ ತೆರೆಯಲಿಲ್ಲ. ಆ ವರ್ಷವೇ ಅಣ್ಣನ ಮದುವೆಯಾಯಿತು. ಅಡುಗೆಯವರಿಗೆ ನಾನೇ ಚೀಟಿ ಬರೆದುಕೊಟ್ಟೆ, ಒಂದೂ ವಗೈರೆ ಇಲ್ಲದಂತೆ.

ಅವರು ನಿವೃತ್ತರಾದದ್ದು ಅದಾದ ಎರಡು ವರ್ಷಕ್ಕೆ, ಮಾರ್ಚ್ ಮೂವತ್ತೊಂದರಂದು. ಸಂಜೆ ಕ್ಯಾಂಟೀನಿನಲ್ಲಿ ಹಾರ ಹಾಕಿದೆವು. ಮ್ಯಾನೇಜರು ಮಾತಾಡಿದರು, ಮೆಮೊ ಕೊಟ್ಟದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರು. ಸಾಹೇಬರು ಹಾರವನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಮರುದಿನ ಬೆಳಗಿನ ಡ್ಯೂಟಿ ನನ್ನದಿತ್ತು. ಹರಿಹರದಿಂದ ಮೊದಲ ಬಸ್ಸಿಗೆ ಹೊರಟು, ಆರೂವರೆಗೆ ಟೈಮ್ ಆಫೀಸಿನ ಬಾಗಿಲಿಗೆ ಬಂದರೆ ಅವರು ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಅದೇ ಬಿಳಿ ಅಂಗಿ, ಜೇಬಿನಲ್ಲಿ ಪೆನ್ಸಿಲು.

"ಸಾರ್, ನಿನ್ನೆನೇ ರಿಟೈರ್ ಆದ್ರಲ್ಲ?"

"ಯಾರು ಹೇಳಿದ್ದು? ಪೇಪರಿನ ಮೊದಲ್ನೇ ಸಾಲು ಓದು. ಇನ್ನೂ ಅರ್ಧ ತಾಸು ಐತೆ."

ಆ ಅರ್ಧ ತಾಸು ಅವರು ರಾತ್ರಿಯ ಕಾರ್ಡುಗಳನ್ನು ಒಂದೊಂದಾಗಿ ನೋಡಿದರು. ನಾನು ಸುಮ್ಮನೆ ಎದುರು ಕೂತಿದ್ದೆ. ಅವಸರ ಮಾಡಬೇಕು ಅಂತ ನನಗೆ ಅನ್ನಿಸದಿದ್ದದ್ದು ಆ ಕೋಣೆಯಲ್ಲಿ ಅದೇ ಮೊದಲು. ಏಳರ ಸೈರನ್ ಕೂಗಿತು. ಅವರು ಕೈಗಡಿಯಾರ ನೋಡಿಕೊಂಡು ತಲೆಯಾಡಿಸಿ ಎದ್ದರು. ಮೂರನೇ ಪಾಳಿಯವರು ಹೊರಬರತೊಡಗಿದರು. ಅಣ್ಣನೂ ಬಂದ, ತಲೆಗೂದಲ ತುಂಬ ಹತ್ತಿಯ ನವಿರು, ಕೈಯಲ್ಲಿ ಕಾಯಂ ನೌಕರರ ಕಾರ್ಡು. ಅದನ್ನು ಯಂತ್ರಕ್ಕೆ ಒತ್ತಿಸಿ, ಸಾಹೇಬರ ಕೈಚೀಲವನ್ನು ತಾನೇ ತೆಗೆದುಕೊಂಡ.

"ನಡೀರಿ ಸಾಹೇಬ್ರೆ, ನಮ್ಮ ಪಾಳಿ ಮುಗೀತು" ಎಂದ.

ಇಬ್ಬರೂ ಗೇಟು ದಾಟುವವರೆಗೆ ನೋಡಿ, ಒಳಗೆ ಬಂದು ರಿಜಿಸ್ಟರ್ ತೆರೆದೆ. ಹೊರಗೆ ಏಪ್ರಿಲ್ ಒಂದರ ಬಿಸಿಲು ಏರಿತ್ತು. ನಾನು ಅವರ ಹೆಸರಿನ ಮುಂದೆ ಮಾರ್ಚ್ ಮೂವತ್ತೊಂದರ ಹಾಜರಿ ಹಾಕಿದೆ.